ಫಿಲಡೆಲ್ಫಿಯಾದ ಅಳಿಯ
ಶಿಕಾಗೋದ ನಮ್ಮ ಬೀದಿಗೆ ಅಳಿಯನಾಗಿ ಬಂದು ನಲವತ್ತು ವರ್ಷವಾದರೂ ನುಂಜಿಯೊನ ನಾಲಗೆಯಿಂದ ಹುಟ್ಟೂರು ಫಿಲಡೆಲ್ಫಿಯಾ ಇಳಿದಿರಲಿಲ್ಲ. ಶನಿವಾರ ಬಂತೆಂದರೆ ಭಾಮೈದ ಗೇತಾನೊನ ಬೀಫ್ ಅಂಗಡಿಯ ಕಟ್ಟೆಗೆ ಮೊಣಕೈ ಊರಿ, ಬೂಟಿಗೆ ಸಾರು ತೊಟ್ಟಿಕ್ಕದಂತೆ ಕಾಲು ಹಿಂದಿಟ್ಟು, ತೆಳ್ಳಗೆ ಸೀಳಿದ ಮಾಂಸ ತುಂಬಿ ಸಾರಿನಲ್ಲಿ ಅದ್ದಿದ ಬನ್ನನ್ನು ಕಚ್ಚುತ್ತಲೇ ಶುರುಮಾಡುವನು: “ಇದೂ ಒಂದು ತಿನ್ನೋದೇನೋ? ನಮ್ಮೂರಲ್ಲಿ ಕಾವಲಿ ಮೇಲೆ ಚೊರಚೊರ ಅಂತ ಹುರಿದು, ಮೇಲೆ ಚೀಸ್ ಕರಗಿಸಿ ಚೀಸ್‌ಸ್ಟೇಕ್ ಅಂತ ಕೊಡ್ತಾರೆ. ನೀವು ಬನ್ನಿಗೆ ಸ್ನಾನ ಮಾಡಿಸ್ತೀರಿ!” “ಮೂರನೇದು ನುಂಗ್ತಾ ಇದೀಯಲ್ಲ ಭಾವ, ಒಂದು ದಿನಾನಾದ್ರೂ ಅದ್ದದೇ ಇರೋದು ಕೇಳಿದೀಯಾ?” ಎಂದು ಗೇತಾನೊ ಕಿಚಾಯಿಸಿದರೆ ಕಿವಿಗೇ ಹಾಕಿಕೊಳ್ಳದೆ, ಆ ಆವಿಯೊಳಗೆ ಕಣ್ಣು ಮುಚ್ಚಿ, ತನ್ನ ಬೀದಿಯ ಹುರಿದ ಈರುಳ್ಳಿಯ ಘಮವನ್ನು ಅರಸುತ್ತ ನಿಂತುಬಿಡುವನು, ತಲೆಯ ಮೇಲಿನ ಹಳಿಯಲ್ಲಿ ರೈಲು ಗುಡುಗಿದ್ದೂ ತಿಳಿಯದು. ಸತ್ತರೆ ಫಿಲಡೆಲ್ಫಿಯಾದಲ್ಲೇ ಹೂಳಬೇಕೆಂದು ಹೆಂಡತಿ ಫಿಲೊಮೆನಾಳಿಂದ ಭಾಷೆ ತೆಗೆದುಕೊಂಡಿದ್ದ. ಜಾಗ ಗೊತ್ತುಮಾಡಲೆಂದೇ ಈ ವಸಂತದಲ್ಲಿ ಇಬ್ಬರೂ ಹೋದರು. ಮೊದಲು ಹೊಟ್ಟೆ ತಂಪಾಗಲಿ ಎಂದು ಅವನು ಚಿಕ್ಕಂದಿನ ಚೀಸ್‌ಸ್ಟೇಕ್ ಅಂಗಡಿಯ ಕಿಟಕಿಗೆ ಸಾಲು ನಿಂತ. ಸರದಿ ಬಂದಾಗ ಬಾಯಿ ತಾನಾಗಿ, “ಅದ್ದಿ ಕೊಡಪ್ಪ” ಎಂದಿತು. “ಎಂಥದ್ರಲ್ಲಿ ಅದ್ದೋದು? ಯಾವೂರು ಯಜಮಾನ್ರೇ ನಿಮ್ದು?” ಎಂದ ಒಳಗಿನವನು. ಸಾಲಿಗೆ ಸಾಲೇ ನಕ್ಕಿತು. ನುಂಜಿಯೊ ಮೂರು ಮನೆ ಆಚೆಗಿದ್ದ, ತಾನು ಹುಟ್ಟಿದ ಮಹಡಿಯ ಕಡೆ ಒಮ್ಮೆ ನೋಡಿದ. ಆಮೇಲೆ ನಿದ್ದೆಯಿಂದ ಎದ್ದವನ ಹಾಗೆ, ಮೆಲ್ಲಗೆ, “ಶಿಕಾಗೋ” ಎಂದ.