ಗಾಯ ಕಾಣದ ಚಿಕಿತ್ಸೆ

ಬ್ಲಫ್ ಬಂದರಿನ ಸಿಂಪಿ ಶೆಡ್ಡಿನಲ್ಲಿ ಚಳಿಗಾಲ ಬಂತೆಂದರೆ ರೀಪೆಕಾಳ ಕೈಗೆ ಬಿಡುವಿರುತ್ತಿರಲಿಲ್ಲ. ಚಿಪ್ಪಿನ ಸಂದಿಗೆ ಚೂರಿಯ ತುದಿ ತೂರಿಸಿ, ಮಣಿಕಟ್ಟು ತಿರುಗಿಸಿ, ಒಳಗಿನ ಮಾಂಸಕ್ಕೆ ಗೀರು ಬೀಳದಂತೆ ಬಿಡಿಸುವುದು ಅವಳ ಕೆಲಸ. ಯಾವುದನ್ನೂ ಸುಮ್ಮನೆ ನಂಬುವ ಹೆಂಗಸಲ್ಲ ಅವಳು. ರೇಡಿಯೋದಲ್ಲಿ ಹವಾಮಾನ ಕೇಳಿಯಾದ ಮೇಲೂ ಬಾಗಿಲಿಗೆ ಬಂದು ಆಕಾಶ ನೋಡುವವಳು.

ಒಂದು ಬೆಳಿಗ್ಗೆ ಕೆಲಸದ ನಡುವೆ ಯಾರೋ ತಲೆಗೆ ಕೊಡಲಿಯಲ್ಲಿ ಹೊಡೆದಂತಾಯಿತು. ಪಕ್ಕದಲ್ಲಿದ್ದ ನೋರೀನ್ ಹಿಡಿದುಕೊಳ್ಳದಿದ್ದರೆ ಚಿಪ್ಪಿನ ರಾಶಿಯ ಮೇಲೇ ಬೀಳುತ್ತಿದ್ದಳು. ಹೆಲಿಕಾಪ್ಟರ್‌ನಲ್ಲಿ ಡನೀಡನ್ನಿನ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಪ್ರಾಣಕ್ಕೇನೂ ಆಗಲಿಲ್ಲ. ಎರಡು ವಾರ ಕಳೆದು ಅವಳು ಎದ್ದು ಕೂತಾಗ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು.

"ಇದು ನಿಮಗೆ ಹುಟ್ಟಿನಿಂದ ಇದ್ದಿದ್ದು. ಮಿದುಳಲ್ಲಿ ರಕ್ತನಾಳಗಳು ಸಿಕ್ಕುಸಿಕ್ಕಾಗಿ ಗಂಟುಬಿದ್ದಿವೆ. ಅದರಲ್ಲೊಂದರಿಂದ ರಕ್ತ ಒಸರಿದೆ. ತುಂಬ ಆಳದಲ್ಲಿದೆ. ತಲೆ ತೆರೆದು ಕೊಯ್ಯೋಕೆ ಹೋದ್ರೆ ಮಾತಿಗೂ ಬಲಗೈಗೂ ಅಪಾಯ. ಅದಕ್ಕೇ ವಿಕಿರಣ ಕೊಡ್ತೀವಿ. ಸುತ್ತಲಿಂದ ಸಣ್ಣ ಸಣ್ಣ ಕಿರಣಗಳು, ಎಲ್ಲಾ ಬಂದು ಆ ಗಂಟಲ್ಲೇ ಸೇರೋ ಹಾಗೆ."

"ಆಗ ಗಂಟು ಹೋಗುತ್ತಾ?"

"ತಕ್ಷಣ ಇಲ್ಲ. ನಾಳದ ಗೋಡೆ ನಿಧಾನಕ್ಕೆ ದಪ್ಪಗಾಗಿ ಮುಚ್ಚಿಕೊಳ್ಳುತ್ತೆ. ಎರಡು ಮೂರು ವರ್ಷ ಬೇಕು. ನಡುವೆ ಕೆಲವರಿಗೆ ಆ ಜಾಗ ಊದಿಕೊಳ್ಳೋದೂ ಉಂಟು."

"ಮುಚ್ಚೋವರೆಗೂ?"

"ಅಲ್ಲೀವರೆಗೆ ಒಡೆಯೋ ಅಪಾಯ ಈಗಿರೋ ಹಾಗೇ ಇರುತ್ತೆ. ನಾನು ಸುಳ್ಳು ಹೇಳಲ್ಲ."

ಸುಳ್ಳು ಹೇಳಲ್ಲ ಎಂದವರ ಮೇಲೆಯೇ ರೀಪೆಕಾಳಿಗೆ ಮೊದಲ ಅನುಮಾನ.

ಚಿಕಿತ್ಸೆಯ ದಿನ ತಲೆ ಅಲುಗದಂತೆ ಲೋಹದ ಚೌಕಟ್ಟೊಂದನ್ನು ತಿರುಪು ಹಾಕಿ ಬಿಗಿದರು. ಮಲಗಿಸಿದರು. ಯಂತ್ರ ಅವಳ ಸುತ್ತ ಮೆಲ್ಲಗೆ ತಿರುಗಿತು. ಬಿಸಿ ತಾಗಲಿಲ್ಲ, ವಾಸನೆ ಬರಲಿಲ್ಲ, ನೋವೆಂಬುದೇ ಇಲ್ಲ. ಚೌಕಟ್ಟು ಬಿಚ್ಚಿ ಟೀ ಕೊಟ್ಟರು. ಮಾರನೇ ದಿನ ಮನೆಗೆ ಕಳಿಸಿದರು.

"ಏನೂ ಮಾಡ್ಲೇ ಇಲ್ಲ ಕಣೋ ಅವ್ರು," ಎಂದಳು ಕಾರಿನಲ್ಲಿ ಗಂಡನಿಗೆ.

ಗಂಡ ಮರ್ಡೊ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಯ ಕೆಲಸಗಾರ, ಮಾತು ಕಡಿಮೆ. "ನೋವಾಗ್ಲಿಲ್ಲ ಅಂದ್ರೆ ಒಳ್ಳೇದೇ ಅಲ್ವೇನೇ," ಎಂದ.

ತಿರುಪಿನ ಗುರುತೂ ಕೆಲವೇ ದಿನಗಳಲ್ಲಿ ಮಾಸಿತು. ಆಮೇಲೆ ಮನೆಯಲ್ಲಿ ವಿಚಿತ್ರಗಳು ಶುರುವಾದವು. ಮದುವೆಯಾದಾಗಿನಿಂದ ಒಂದು ತಟ್ಟೆ ತೊಳೆಯದ ಮರ್ಡೊ ಕೇಳದೆಯೇ ಸಿಂಕಿನ ಮುಂದೆ ನಿಂತ. ರೀಪೆಕಾಳ ತಂಗಿ ಹೂರಿಯಾ, ಪ್ರತಿವರ್ಷ ದ್ವೀಪಕ್ಕೆ ಹೋಗಿ ಹಿಡಿದು ಉಪ್ಪು ಹಾಕಿಟ್ಟ ತೀತೀ ಎಂಬ ಕಡಲಹಕ್ಕಿಗಳಲ್ಲಿ ಎರಡೇ ಎರಡನ್ನು ಕೈಗಿಟ್ಟು ನಿಟ್ಟುಸಿರು ಬಿಡುವವಳು. ಈ ಸಲ ಹಕ್ಕಿ ತುಂಬಿದ ಬಕೆಟ್ಟನ್ನೇ ತಂದಿಟ್ಟಳು. ರೀಪೆಕಾ ಅಡುಗೆಮನೆಗೆ ಕಾಲಿಟ್ಟರೆ ಅವರಿಬ್ಬರ ಪಿಸುಮಾತು ನಿಂತುಹೋಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದವಳು ನೋರೀನ್. ಶೆಡ್ಡಿನಲ್ಲಿ ಅವಳಿಗೂ ರೀಪೆಕಾಳಿಗೂ ಹಾವು ಮುಂಗುಸಿಯ ಸ್ನೇಹ. ಅಂಥ ನೋರೀನ್ ಕೇಕು ಹಿಡಿದು ಬಂದು, "ನೀನಿಲ್ದೆ ಶೆಡ್ಡು ಬಿಕೋ ಅಂತಿದೆ ಮಾರಾಯ್ತಿ," ಎಂದಳು.

ರೀಪೆಕಾ ಅವಳನ್ನು ಪರೀಕ್ಷಿಸಿಯೇ ಬಿಡೋಣವೆಂದು, "ನಿನ್ನ ಕೇಕು ಮರಳು ಅಗಿದ ಹಾಗಿದೆ," ಎಂದಳು.

ನೋರೀನ್ ನಕ್ಕಳು. "ಹೌದು ಕಣೇ, ನಂಗೂ ಹಾಗೇ ಅನ್ನಿಸ್ತು."

ರೀಪೆಕಾ ಕೇಕಿನ ತಟ್ಟೆ ಕೆಳಗಿಟ್ಟಳು. ಇನ್ನು ಅನುಮಾನವೇ ಬೇಡ, ತಾನು ಸಾಯುತ್ತಿದ್ದೇನೆ. ಗಂಟಿಗೆ ಮದ್ದಿಲ್ಲವೆಂದು ಡಾಕ್ಟರಮ್ಮ ಮರ್ಡೊನಿಗೆ ಹೇಳಿದ್ದಾರೆ. ತನ್ನ ಸಮಾಧಾನಕ್ಕೆಂದು ಆ ಯಂತ್ರ ತಿರುಗಿಸಿ ನಾಟಕವಾಡಿದ್ದಾರೆ. ಯಾರನ್ನೂ ಕೇಳಲಿಲ್ಲ ಅವಳು. ಕೇಳಿದರೂ ನಿಜ ಹೇಳುವರೆಂಬ ಭರವಸೆ ಎಲ್ಲಿತ್ತು? ಒಳ್ಳೆಯ ಉಣ್ಣೆಯ ಕೋಟನ್ನು ಹೂರಿಯಾಳಿಗೆ ಕೊಟ್ಟಳು. ಹೂರಿಯಾ ಬೇಡವೆನ್ನದೆ ತೆಗೆದುಕೊಂಡದ್ದೂ ಒಂದು ಸಾಕ್ಷಿಯಾಯಿತು.

ಬೇಸಿಗೆ ಕಳೆಯುವ ಹೊತ್ತಿಗೆ ಬಲಗೈ ಜುಮುಗುಟ್ಟತೊಡಗಿತು. ಒಂದು ದಿನ ಟೀ ಕಪ್ಪು ಕೈಜಾರಿತು, ಜೊತೆಗೆ ತಲೆನೋವು. ಮರ್ಡೊ ಸುಣ್ಣದಂತೆ ಬಿಳಿಚಿಕೊಂಡು ಡನೀಡನ್ನಿಗೆ ಕಾರು ಓಡಿಸಿದ. ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಎಲ್ಲ ಮುಗಿಯಿತು ಎಂದುಕೊಂಡಿದ್ದಳು.

ಸ್ಕ್ಯಾನ್ ನೋಡಿಕೊಂಡು ಬಂದ ಡಾಕ್ಟರಮ್ಮ ಹೇಳಿದರು: "ರಕ್ತ ಒಸರಿಲ್ಲ. ಕಿರಣ ಬಿದ್ದ ಜಾಗದ ಸುತ್ತ ಊದಿಕೊಂಡಿದೆ ಅಷ್ಟೇ. ಮಾತ್ರೆ ಕೊಡ್ತೀನಿ, ಇಳಿಯುತ್ತೆ."

ರೀಪೆಕಾ ನೆಟ್ಟಗೆ ಕೂತಳು. "ಅಂದ್ರೆ ಅವತ್ತು ನೀವು ನಿಜವಾಗ್ಲೂ ಏನೋ ಮಾಡಿದ್ರಿ?"

"ಮತ್ತೆ? ಏನು ಮಾಡಿದ್ವಿ ಅಂತ ತಿಳ್ಕೊಂಡಿದ್ರಿ?"

ಅವಳಿಗೆ ನಗು ಉಕ್ಕಿ ಬಂತು, ತಲೆ ಸಿಡಿಯುತ್ತಿದ್ದರೂ ನಿಲ್ಲಿಸಲಾಗಲಿಲ್ಲ. ಮೂಲೆಯ ಕುರ್ಚಿಯಲ್ಲಿ ಮರ್ಡೊ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ನಾನು ಸಾಯ್ತೀನಿ ಅಂತ ತಾನೇ ನೀವೆಲ್ಲಾ ನನ್ನ ಮುದ್ದು ಮಾಡಿದ್ದು?" ಎಂದು ಅವನನ್ನೇ ಕೇಳಿದಳು.

"ಅಲ್ವೇ ಮಾರಾಯ್ತಿ. ನಿಂಗೆ ಸಿಟ್ಟು ಬಂದ್ರೆ ನಾಳ ಒಡೆದುಹೋಗುತ್ತೆ ಅಂತ ಹೂರಿಯಾ ಊರಿಗೆಲ್ಲಾ ಹೇಳಿಟ್ಟಿದ್ಲು. ನೋರೀನ್ ಮನೆಗೂ ಹೋಗಿ ಹೇಳಿ ಬಂದ್ಲು."

"ನಾನಂತೂ ಹಾಗೆ ಹೇಳಿಲ್ಲ," ಎಂದರು ಡಾಕ್ಟರಮ್ಮ.

ಊತ ಇಳಿಯಲು ತಿಂಗಳುಗಳೇ ಹಿಡಿದವು. ಮಾತ್ರೆಗೆ ಅವಳ ಮುಖ ಗುಂಡಗಾಯಿತು, ಹಸಿವು ಹೆಚ್ಚಿತು. ಕೈ ಮರಳಿತು, ಆದರೆ ಎರಡು ಬೆರಳಿನ ಮರಗಟ್ಟುವಿಕೆ ಹೋಗಲೇ ಇಲ್ಲ. ಚೂರಿ ಹಿಡಿಯುವ ಕೆಲಸ ಬಿಟ್ಟು ಬಿಡಿಸಿದ ಸಿಂಪಿ ಆರಿಸಿ ತುಂಬುವ ಮೇಜಿಗೆ ಹೋದಳು. ಅದು ಅವಳಿಗೆ ಕೊನೆಯವರೆಗೂ ಒಗ್ಗಲಿಲ್ಲ.

ಮೂರನೇ ವರ್ಷ ನಾಳಕ್ಕೆ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆದರು. ಹಳೆಯ ಚಿತ್ರದಲ್ಲಿ ಬಲೆಯಂತೆ ಕಪ್ಪಗೆ ಹೆಣೆದುಕೊಂಡಿದ್ದ ಗಂಟು ಹೊಸದರಲ್ಲಿ ಇರಲಿಲ್ಲ. ರೀಪೆಕಾ ಎರಡರ ಮೇಲೂ ತನ್ನ ಹೆಸರು, ಹುಟ್ಟಿದ ತಾರೀಖು ಓದಿದಳು.

"ಇನ್ನೊಂದ್ಸಲ ತೋರ್ಸಿ," ಎಂದಳು. ಡಾಕ್ಟರಮ್ಮ ಬೇಸರಿಸದೆ ಮತ್ತೆ ತೋರಿಸಿದರು.

ವಾಪಸು ಬರುವಾಗ ಕಾರು ಹೊರಟ ಸ್ವಲ್ಪ ಹೊತ್ತಿಗೇ ಅವಳು ನಿದ್ದೆಹೋದಳು. ಬಲ್‌ಕ್ಲೂಥಾದ ಸೇತುವೆ ದಾಟಿ ಮರ್ಡೊ ಕಾರು ನಿಲ್ಲಿಸಿದ. ಅವಳ ಎದೆ ಏರಿಳಿಯುತ್ತಿದೆಯೇ ಎಂದು ಬಗ್ಗಿ ನೋಡಿದ.

ರೀಪೆಕಾ ಒಂದು ಕಣ್ಣು ತೆರೆದಳು. "ಏನು ನೋಡ್ತಿದೀಯ?"

"ಏನಿಲ್ಲ. ಟೀ ಕುಡೀತೀಯಾ, ಚೀಸ್ ರೋಲ್ ಜೊತೆ?"

"ಬಿಸಿ ಇದ್ರೆ. ಅಂಗಡಿಯವ್ರು ಬಿಸಿ ಅಂದ್ರೆ ನಂಬಬೇಡ, ಮುಟ್ಟಿ ನೋಡ್ಕೊಂಡು ಬಾ."