ಸಂಶಯ ಅವರದು, ಶುಲ್ಕ ನಮ್ಮದು

ಹೋದ ತಿಂಗಳು ನಮ್ಮವ್ವ ಪೊಲೀಸರಿಗೆ ಸುಳ್ಳು ಹೇಳಿದಳು. ಪಾಪ, ಅದು ಸುಳ್ಳು ಅಂತ ಅವಳಿಗೇ ಗೊತ್ತಿರಲಿಲ್ಲ.

ಗುಡೂರಿನ ನಮ್ಮ ಮನೆಗೆ ಬೈಕಿನಲ್ಲಿ ಬಂದ ಕಾನ್‌ಸ್ಟೆಬಲ್, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಅವ್ವನನ್ನು ಕೇಳಿದ: "ಯವ್ವಾ, ಸುನಂದಾ ಅನ್ನಾರು ಇಲ್ಲೇ ಇರ್ತಾರೇನ?"

"ಯಾವ ಸುನಂದಾರಿ? ಆ ಹೆಸರಿನಾಕಿ ಈ ಓಣ್ಯಾಗ ಯಾರೂ ಇಲ್ಲ. ನಮ್ಮ ಮಂದಿ ಸ್ಟೇಷನ್ ಮೆಟ್ಟಲಾ ಸೈತ ಹತ್ತಿಲ್ರಿ!"

ಕಾನ್‌ಸ್ಟೆಬಲ್ ಹೋದ. ಅವ್ವ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ಸುನಂದಾ ಅಂದರೆ ಅವಳ ಸ್ವಂತ ಸೊಸೆ! ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ನಮ್ಮ ಮನೆತನದ ರೂಢಿ. ನಾವು ಬೀರಪ್ಪ ದೇವರ ಒಕ್ಕಲು. ಅವನ ಅಕ್ಕನ ಹೆಸರೇ ಇರಲಿ ಅಂತ ಅವ್ವನೇ 'ಮಾಯವ್ವ' ಅಂತ ಇಟ್ಟಿದ್ದಳು. ಊರೂ ಹಾಗೇ ಕರೆಯಿತು, ಹಳೆಯ ಹೆಸರು ಅವ್ವನಿಗೆ ಮರೆತೇ ಹೋಗಿತ್ತು. ಆಧಾರ್, ಮಾರ್ಕ್ಸ್ ಕಾರ್ಡ್ ಮಾತ್ರ ತವರಿನ ಹೆಸರಿನಲ್ಲೇ ಉಳಿದವು. (ವೈನಿ ಆಗ ಹೊಲದಲ್ಲಿದ್ದರು. ಅವರ ಫೋನು ಎಂದಿನಂತೆ ಅಣ್ಣನ ಜೇಬಿನಲ್ಲಿತ್ತು.)

ಇಳಕಲ್ಲಿನ ಖಾಸಗಿ ಶಾಲೆಯೊಂದರ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ ಕೆಲಸ ವೈನಿಗೆ ನಿಗದಿಯಾಗಿತ್ತು. ಹೊಲ, ಕುರಿ ಅಂತ ದುಡಿದ ಜೀವಕ್ಕೆ ಮೊದಲ ಸಲ ಸ್ವಂತದ ಸಂಬಳ. ಶಾಲೆಯದು ಒಂದೇ ಕಂಡೀಷನ್: ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟ್ ತರಬೇಕು. ಸರಿಯೇ. ಮಕ್ಕಳ ವಿಷಯ, ವಿಚಾರಿಸಲೇಬೇಕು. ವೈನಿ ಆನ್‌ಲೈನ್ ಅರ್ಜಿ ಹಾಕಿಸಿ ಶುಲ್ಕ ಕಟ್ಟಿದರು.

ಬಂದ ಉತ್ತರ? ಈ ವಿಳಾಸದಲ್ಲಿ ಅರ್ಜಿದಾರರು ವಾಸವಿಲ್ಲ. ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಶುಲ್ಕ.

ನಾನು ಶಾಲೆಯ ಮ್ಯಾನೇಜರ್ ಹತ್ತಿರ ಹೋದೆ. "ಸರ್ಟಿಫಿಕೇಟ್ ಬೇಕಾಗಿದ್ದು ನಿಮಗ. ಈ ಸಲದ ಶುಲ್ಕ ನೀವ ಕೊಡ್ರಲ್ಲ?"

"ನಾವ್ಯಾಕ ಕೊಡೋಣ್ರಿ? ಕೆಲಸ ಬೇಕಾಗಿದ್ದು ಅವರಿಗೆ. ಯಾವ ಕಾನೂನಿನ್ಯಾಗ ಐತಿ, ತೋರಿಸ್ರಿ."

ಸಿಟ್ಟು ನೆತ್ತಿಗೇರಿತು. ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಶುಲ್ಕ ಎಷ್ಟು ಅಂತ ಸರ್ಕಾರ ಹೇಳುತ್ತದೆ. ಯಾರು ಕೊಡಬೇಕು ಅಂತ? ಹುಡುಕಿದೆ, ನನಗಂತೂ ಸಿಗಲಿಲ್ಲ. ತಾನು ಕಳ್ಳಿಯಲ್ಲ ಅಂತ ವೈನಿಗೆ ಗೊತ್ತು. ಖಾತ್ರಿ ಬೇಕಾಗಿರುವುದು ಶಾಲೆಗೆ. ಖಾತ್ರಿ ಕೇಳಿದವರೇ ಶುಲ್ಕ ಕೊಡಲಿ ಅಂತ ಒಂದು ಸಾಲಿನ ಕಾನೂನು ಮಾಡಲು ನಮ್ಮ ವಿಧಾನಸಭೆಗೆ ಎಷ್ಟು ಹೊತ್ತು ಬೇಕು? (ಶಾಸಕರ ಸಂಬಳದ ಬಿಲ್ಲಿಗೆ ಹಿಡಿಯುವಷ್ಟು ಹೊತ್ತು ಸಾಕು.)

ವೈನಿ ಮತ್ತೆ ಕಟ್ಟಿದರು. ಈ ಸಲ ಕಾನ್‌ಸ್ಟೆಬಲ್ ಬಂದಾಗ ಅವ್ವ ಎದ್ದೇ ನಿಂತಳು. "ಸುನಂದಾ ನಮ್ಮ ಸೊಸೀರಿ, ಸಾಹೇಬ್ರ. ಖರೇ ಹೇಳ್ತೇನಿ, ಇಂಥಾಕಿ ಹುಡುಕಿದ್ರೂ ಸಿಗಂಗಿಲ್ಲ."

ಒಳಗೆ ಚಹಾ ಸೋಸುತ್ತಿದ್ದ ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಅವ್ವ ಆ ಮಾತನ್ನು ಅವರ ಕಿವಿಗೆ ಬೀಳುವಂತೆ ಒಮ್ಮೆಯೂ ಆಡಿರಲಿಲ್ಲ.

ಸರ್ಟಿಫಿಕೇಟ್ ಬಂತು. ಯಾವ ಪ್ರಕರಣವೂ ಇಲ್ಲ. ಹಿಡಿದುಕೊಂಡು ಶಾಲೆಗೆ ಹೋದರೆ, ಬೇರೊಬ್ಬ ಆಯಾ ಆಗಲೇ ವ್ಯಾನಿನಿಂದ ಮಕ್ಕಳನ್ನು ಇಳಿಸುತ್ತಿದ್ದಳು. "ಎಷ್ಟಂತ ಕಾಯೋದ್ರಿ?" ಅಂದರು ಮ್ಯಾನೇಜರ್.

ತಪ್ಪು ಮಾಡಿದವರು ಕಟ್ಟುವುದು ದಂಡ. ತಪ್ಪಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ನಮ್ಮ ವೈನಿ ಎರಡೆರಡು ಸಲ ಕಟ್ಟಿದರಲ್ಲ, ಅದಕ್ಕೆ ನೀವು ಏನಂತೀರಿ?