ಜೀಪಿಗೆ ಗಾಳಿ ಹಿಡಿದ ದಿನ

ಇವತ್ತು ನನ್ನ ಹಳೇ ಗಾಡಿಯ ಎಂಜಿನ್ ಗರಗರ ತಿರುಗಿದರೂ ಚಾಲೂ ಆಗಲಿಲ್ಲ. ಬೆಳಗಾವಿಯ ಗ್ಯಾರೇಜಿನವನು ಬಾನೆಟ್ ಎತ್ತಿದ. ಆ ಡೀಸೆಲ್ ವಾಸನೆಗೆ ನಾನು ಮನಸ್ಸಿನಲ್ಲೇ ನಮ್ಮೂರು ಬೀಡಿಯ ಮನೆಯಂಗಳಕ್ಕೆ ಹೋಗಿಬಿಟ್ಟೆ.

ಅಂದು ಅಕ್ಕನಿಗೆ ಖಾನಾಪುರದಲ್ಲಿ ಪರೀಕ್ಷೆ. ಅಪ್ಪನ ಜೀಪು ಹೀಗೇ ಹಟ ಹಿಡಿದಿತ್ತು. ಮೆಕ್ಯಾನಿಕ್ ಚಾಚಾ ನೋಡಿ, "ಗಾಳಿ ಹಿಡದೈತ್ರಿ," ಎಂದರು. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದೆ ಎಂಬುದು ಅವರ ಮಾತು. ಅಜ್ಜಿಗೆ ಕೇಳಿಸಿದ್ದು ದೆವ್ವದ ಗಾಳಿ! ಉಪ್ಪು, ಮೆಣಸಿನಕಾಯಿ ತಂದು ಜೀಪಿಗೆ ನಿವಾಳಿಸಿದಳು. ಚಾಚಾ ನಗಲಿಲ್ಲ.

"ಹೊರಗಿನ ಗಾಳಿ ನೀವ್ ತಗೀರಿ ಅವ್ವಾರ, ಒಳಗಿಂದು ನಾ ತಗೀತೀನಿ."

ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಗುಳ್ಳೆಗಳನ್ನೆಲ್ಲ ಹೊರಗೆ ಬಿಟ್ಟರು. ಜೀಪು ಗುಡುಗಿತು. ಅಕ್ಕ ಪರೀಕ್ಷೆಗೆ ಮುಟ್ಟಿದಳು.

"ಗಾಳಿ ಹಿಡದೈತ್ರಿ ಅಕ್ಕಾರ," ಇವತ್ತು ಈ ಗ್ಯಾರೇಜಿನವನೂ ಅದನ್ನೇ ಅಂದ.

"ಒಳಗಿಂದು ನೀವ್ ತಗೀರಿ," ಎಂದು ನಾನು ಬಾಜೂ ಅಂಗಡಿಗೆ ಉಪ್ಪು ತರಲು ನಡೆದೆ.